ಚಕ್ರದ ಸಾಹೇಬರ ಸಕ್ಕರೆ

ಯಾರಾದರೂ ‘ಸಕ್ಕರೆ’ ಎಂದರೆ ‘ಯಾವ ಸಕ್ಕರೆ?’ ಎಂದು ಕೇಳುವುದು ನನಗೊಂದು ಚಟ. ಈಗ ಕಾರ್ಡು ಹಿಡಿದು ರೇಶನ್ ಅಂಗಡಿಯ ಮುಂದೆ ಸರದಿಯಲ್ಲಿ ನಿಂತು, ಕೊಟ್ಟಷ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುವ ಕಾಲ. ಅಲ್ಲಿಯೂ ನಾನು ‘ಯಾವುದೈತಿ?’ ಎಂದು ಕೇಳಿ ಬೈಸಿಕೊಂಡು ಬಂದಿದ್ದೇನೆ. ‘ಅವ್ವಾ, ಸಕ್ಕರಿ ಅಂದ್ರ ಸಕ್ಕರಿ. ಅದರಾಗ ಯಾವ್ದು ಅಂತ ಏನ ಕೇಳ್ತಿ?’ ಎಂದು ಮಗಳು ನನ್ನ ಜೊತೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಪಾಪ, ಅವಳದೇನು ತಪ್ಪು? ಅವಳು ಕಿರಾಣಿ ಅಂಗಡಿಯಲ್ಲಿ ಬೆಳೆದವಳಲ್ಲ.

ನಾನು ಬೆಳೆದದ್ದು ಗೋಕಾಕ ಫಾಲ್ಸಿನಲ್ಲಿ, ನಮ್ಮ ಗುರಪ್ಪ ಕಾಕಾನ ಅಂಗಡಿಯ ಚೀಲಗಳ ನಡುವೆ. ಅಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ಲಿಂಗೈಕ್ಯರಾದರು. ಅಪ್ಪನ ತಮ್ಮನಾದ ಕಾಕಾ ಮದುವೆಯ ಮಾತು ಎತ್ತಿದವರನ್ನೆಲ್ಲ ನಗುತ್ತ ಸಾಗಹಾಕಿ, ನನ್ನನ್ನೂ ಅವ್ವನನ್ನೂ ಸಾಕಿದ. ಅಂಗಡಿ ನೂಲಿನ ಗಿರಣಿಯ ದೊಡ್ಡ ಬಾಗಿಲಿನ ಹತ್ತಿರವೇ ಇತ್ತು. ಒಂದು ಕಡೆ ಗಿರಣಿಯ ಗದ್ದಲ, ಇನ್ನೊಂದು ಕಡೆ ನೀರು ಧುಮುಕುವ ಸದ್ದು. ಮಳೆಗಾಲದಲ್ಲಂತೂ ಎದುರಿಗೆ ನಿಂತವರು ಉಪ್ಪು ಕೇಳಿದರೋ ಸೊಪ್ಪು ಕೇಳಿದರೋ ತಿಳಿಯುತ್ತಿರಲಿಲ್ಲ. ಹೀಗಾಗಿ ನಮ್ಮೂರಿನವರೆಲ್ಲ ಗಂಟಲು ಹರಿದುಕೊಂಡೇ ಮಾತಾಡುವವರು. ನಾನು ಮದುವೆಯಾಗಿ ಹೋದ ಹೊಸದರಲ್ಲಿ ‘ನೀರು ಕಾದಾವು’ ಎಂದು ಹೇಳಿದರೂ ನೆರೆಮನೆಯವರು ಜಗಳ ಬಿಡಿಸಲು ಬಂದುಬಿಡುತ್ತಿದ್ದರು. ಈಗಲೂ ಆ ದನಿ ಹೋಗಿಲ್ಲ.

ಇರಲಿ, ಸಕ್ಕರೆಯ ಮಾತು. ಕಾಕಾನ ಅಂಗಡಿಯಲ್ಲಿ ಸಿಹಿಗೆ ಬೇರೆ ಬೇರೆ ಜಾಗಗಳಿದ್ದವು. ಹಡಗಿನಲ್ಲಿ ಬರುತ್ತಿದ್ದ ಮೋರಸ್ ಸಕ್ಕರೆ ಬಾಗಿಲ ಹತ್ತಿರ, ಒಂದು ಡಬ್ಬಿಯಲ್ಲಿ. ಅದನ್ನು ಎಲುಬಿನ ಪುಡಿ ಹಾಕಿ ಬೆಳ್ಳಗೆ ಮಾಡುತ್ತಾರೆಂಬ ಸುದ್ದಿ ಇದ್ದುದರಿಂದ ಮಡಿವಂತರು ಅದರ ನೆರಳನ್ನೂ ದಾಟುತ್ತಿರಲಿಲ್ಲ. ಅದು ಗಿರಣಿಯ ಸಾಹೇಬರಿಗೆ ಮಾತ್ರ. ದೇಸಿ ಸಕ್ಕರೆ ಒಳಗಡೆ, ತಾಮ್ರದ ಹಂಡೆಯಲ್ಲಿ. ಕಲ್ಲುಸಕ್ಕರೆ ಗಾಜಿನ ಭರಣಿಯಲ್ಲಿ. ಬತ್ತಾಸು ತಗಡಿನ ಡಬ್ಬಿಯಲ್ಲಿ, ಯಾಕೆಂದರೆ ಗಾಳಿ ಸೋಕಿದರೂ ಅದು ಮುನಿಸಿಕೊಂಡು ಮೆತ್ತಗಾಗುತ್ತಿತ್ತು. ಇವೆಲ್ಲಕ್ಕಿಂತ ಮೇಲೆ, ಅವ್ವನ ತವರಾದ ಮೂಡಲಗಿಯ ಗಾಣದಿಂದ ಬರುವ ಬೆಲ್ಲದ ಪೆಂಟೆ. ತಲೆನೋವಿಗೆ, ಬಿಕ್ಕಳಿಕೆಗೆ, ಮನೆಗೆ ಬಂದ ಬೇಡದ ನೆಂಟರಿಗೆ, ಎಲ್ಲಕ್ಕೂ ಅವ್ವನ ಹತ್ತಿರ ಇದ್ದ ಮದ್ದು ಮೂಡಲಗಿಯ ಬೆಲ್ಲ ಒಂದೇ.

ಕಾಕಾನಿಗೆ ವೈದ್ಯದ ಹುಚ್ಚು. ಓದಿ ಕಲಿತದ್ದಲ್ಲ, ಅಂಗಡಿಯಲ್ಲಿ ಶುಂಠಿ, ಅಜವಾನ, ಜೇಷ್ಠಮಧು ಮಾರುತ್ತಿದ್ದುದರಿಂದ ತಾನು ಅರ್ಧ ವೈದ್ಯ ಎಂದು ತಿಳಿದಿದ್ದ. ಯಾರಾದರೂ ಕೆಮ್ಮಿದರೆ ಸಾಕು, ತಕ್ಕಡಿ ಬಿಟ್ಟು ನಾಡಿ ಹಿಡಿಯುತ್ತಿದ್ದ. ಅವನ ಔಷಧದಿಂದ ಯಾರೂ ಸಾಯಲಿಲ್ಲ ಎಂಬುದನ್ನು ಇಲ್ಲಿ ಅಭಿಮಾನದಿಂದ ಹೇಳುತ್ತೇನೆ. ನೆಟ್ಟಗಾದವರೂ ನನಗೆ ನೆನಪಾಗುತ್ತಿಲ್ಲ.

ಆಗ ಮೊದಲ ಮಹಾಯುದ್ಧ ನಡೆದಿತ್ತು. ಗಿರಣಿಯಲ್ಲಿ ನೀರಿನಿಂದ ತಿರುಗುವ ದೊಡ್ಡ ಚಕ್ರಗಳನ್ನು ನೋಡಿಕೊಳ್ಳಲು ಫ್ರಾನ್ಸ್ ಕಡೆಯ ಒಬ್ಬ ಎಂಜಿನಿಯರ್ ಬಂದಿದ್ದರು. ಅವರ ಹೆಸರು ನಮ್ಮ ಯಾರ ಬಾಯಲ್ಲೂ ಹೊರಳದೆ ಎಲ್ಲರೂ ಚಕ್ರದ ಸಾಹೇಬರು ಎನ್ನುತ್ತಿದ್ದರು. ವಯಸ್ಸಾದ, ಬಡಕಲು ಮನುಷ್ಯ. ಬೇರೆ ಸಾಹೇಬರಂತೆ ಕುದುರೆ ಏರುವುದಿಲ್ಲ, ಬೇಟೆ ಆಡುವುದಿಲ್ಲ. ಕಣಿವೆಯ ಅಂಚಿನ ಬಂಗಲೆಯಲ್ಲಿ ಅಡುಗೆಯ ಇಮಾಮಸಾಬನೊಬ್ಬನೇ ಅವರಿಗೆ ಜೊತೆ.

ಒಂದು ದಿನ ಇಮಾಮಸಾಬ ಖಾಲಿ ತಗಡಿನ ಡಬ್ಬಿಯೊಂದನ್ನು ಹಿಡಿದು ಅಂಗಡಿಗೆ ಬಂದ.

‘ಗುರಪ್ಪಣ್ಣಾ, ಚೌಕ ಸಕ್ಕರಿ ಅದಾವೇನ್ರಿ?’

‘ಚೌಕ ಸಕ್ಕರಿನ? ಹಂಗಂದ್ರ?’

‘ಗಟ್ಟಿ ಸಕ್ಕರಿರಿ, ಸಣ್ಣ ಸಣ್ಣ ಇಟ್ಟಂಗಿ ಇದ್ದಂಗ ಇರ್ತಾವ. ಸಾಹೇಬ್ರ ದೇಶದಿಂದ ಬರ್ತಿದ್ವು. ಲಡಾಯಿ ಆಗಿ ಹಡಗ ಬರೂದ ನಿಂತಾವ. ಡಬ್ಬಿ ಖಾಲಿ ಆಗೇತಿ.’

ಯಾತಕ್ಕೆ ಬೇಕೆಂದು ಕಾಕಾ ಕೇಳಿದ. ಇಮಾಮಸಾಬ ಕೈಯಲ್ಲೇ ಎಲ್ಲವನ್ನೂ ಆಡಿ ತೋರಿಸಿದ. ಒಂದು ಗ್ಲಾಸು. ಅದರ ತಳದಲ್ಲಿ ಹಸಿರು ನೀರು. ಗ್ಲಾಸಿನ ಬಾಯಿಗೆ ಅಡ್ಡಲಾಗಿ ತೂತಿನ ಚಪ್ಪಟೆ ಚಮಚ. ಚಮಚದ ಮೇಲೆ ಸಕ್ಕರೆ. ಅದರ ಮೇಲೆ ತಣ್ಣೀರನ್ನು ಹನಿಹನಿಯಾಗಿ ಬಿಡಬೇಕು.

‘ಹಂಗ ಮಾಡಿದ್ರ ಹಸರು ಹೋಗಿ ಬೆಳ್ಳಗ ಆಗತೈತ್ರಿ. ಸಂಜೀಮುಂದ ಅದನ್ನ ತೊಗೊಂಡ್ರನ ಸಾಹೇಬ್ರಿಗೆ ಊಟ ಸೇರೂದು.’

‘ಅಂದ್ರ ಔಷಧ ಅನ್ನು,’ ಎಂದ ಕಾಕಾ.

ಇಮಾಮಸಾಬ ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಟೊಪ್ಪಿಗೆ ಸರಿಮಾಡಿಕೊಂಡ. ಕಾಕಾನಿಗೆ ಅಷ್ಟೇ ಸಾಕಾಯಿತು.

ಮೊದಲು ಮೋರಸ್ ಸಕ್ಕರೆ ಹೋಯಿತು. ಅದು ಚಮಚದ ತೂತುಗಳಿಂದ ನೀರಿಗಿಂತ ಮೊದಲೇ ಕೆಳಗೆ ಇಳಿಯಿತಂತೆ. ಬತ್ತಾಸು ಹೋಯಿತು. ಮೊದಲನೆಯ ಹನಿಗೇ ಅದರ ಹೊಟ್ಟೆ ಕುಸಿದು ಕೂತಿತು. ಕಲ್ಲುಸಕ್ಕರೆ ಕಳಿಸಿದರೆ ಅದು ಕರಗಲೇ ಇಲ್ಲ. ಸಾಹೇಬರು ಹೂಜಿಯ ನೀರೆಲ್ಲ ಸುರಿದರೂ ಜಪ್ಪೆನ್ನದೆ ಕೂತಿತ್ತಂತೆ. ಕೊನೆಗೆ ಅವ್ವ, ‘ಮೂಡಲಗಿ ಬೆಲ್ಲ ಕೊಟ್ಟು ನೋಡ್ರಿ’ ಎಂದಳು. ಅದರಿಂದ ಔಷಧ ಹೊಳೆಗೆ ಹೊಸನೀರು ಬಂದ ಬಣ್ಣಕ್ಕೆ ತಿರುಗಿತು. ಸಾಹೇಬರು ಅದನ್ನು ನೋಡಿ ನಕ್ಕರಂತೆ. ಲಡಾಯಿ ಸುರುವಾದ ಮೇಲೆ ಅವರು ನಕ್ಕದ್ದು ಅದೇ ಮೊದಲು ಎಂದು ಇಮಾಮಸಾಬ ಹೇಳಿದಾಗ ಅವ್ವ ಬಹಳ ಹೆಮ್ಮೆಪಟ್ಟಳು.

ಕಾಕಾನಿಗೆ ತಡೆಯಲಾಗಲಿಲ್ಲ. ರುಮಾಲು ಸುತ್ತಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ತಾನೇ ಬಂಗಲೆಗೆ ಹೋದ. ವೈದ್ಯನಾದವನು ರೋಗಿಯನ್ನು ನೋಡದೆ ಮದ್ದು ಕೊಡಬಾರದು ಎಂಬುದು ಅವನ ವಾದ. ಹೋದವನು ತಿರುಗಿ ಬಂದಾಗ ಮುಖ ಅರಳಿತ್ತು.

‘ವೈನಿ, ಬಾಟ್ಲಿ ಬಿರಡಿ ತಗದು ನನ್ನ ಮೂಗಿಗೆ ಹಿಡದ್ರು. ಏನ ವಾಸನಿ ಅಂತೀರಿ? ಬಡೇಸೋಪು. ಅದರ ಹಿಂದ ದವನ. ಖರೇನ ದವನ. ನಾವು ಲಿಂಗಕ್ಕ ಏರಸೂ ದವನ.’

‘ಅವರ ದೇಶದಾಗೂ ದವನ ಬೆಳೀತೈತೇನ?’ ಎಂದಳು ಅವ್ವ.

‘ದವನ ಹಾಕಿ ಮಾಡಿದ್ದು ಅಂದ್ಮ್ಯಾಲೆ ಅದು ಸಾತ್ವಿಕ ಔಷಧನ ಆಗಿರಬೇಕ್ರಿ. ನನಗೂ ಒಂದೀಟು ಕೊಡಾಕ ಬಂದ್ರು. ನಂಗ ಆರಾಮ ಐತಿ, ಔಷಧ ಯಾಕ ಅಂದೆ.’

ಆ ಕೊನೆಯ ಮಾತು ಅವನ ಬಾಯಿಂದ ಬಾರದೆ ಹೋಗಿದ್ದರೆ ಏನಾಗುತ್ತಿತ್ತೋ ಎಂದು ಇಂದಿಗೂ ನನಗೆ ಎದೆ ಝಲ್ಲೆನ್ನುತ್ತದೆ. ಅದರ ಹೆಸರು ಆಬ್ಸಿಂತ್ ಎಂದೂ, ಅದರಲ್ಲಿ ಬೀಳುವ ಸೊಪ್ಪು ದವನದ ಬಳಗದ್ದೇ ಎಂದೂ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಕಾಕಾನ ಮೂಗು ಸುಳ್ಳು ಹೇಳಿರಲಿಲ್ಲ. ದವನ ಇದ್ದಲ್ಲಿ ಸೆರೆ, ಅಂದರೆ ಮದ್ಯ, ಇರಲಾರದು ಎಂದು ನಂಬಿದ್ದಷ್ಟೇ ಅವನ ತಪ್ಪು. ಲಿಂಗಪೂಜೆ ಬಿಟ್ಟು ಬೇರೆಲ್ಲೂ ದವನವನ್ನು ಕಂಡಿರದವನು ಮತ್ತೆ ಹೇಗೆ ತಿಳಿದಾನು?

ಅವೇ ದಿನಗಳಲ್ಲಿ ಗೌರಿಹುಣ್ಣಿಮೆ ಬಂದಿತ್ತು. ಅದಕ್ಕೆ ಕೆಲವು ತಿಂಗಳ ಹಿಂದೆ ಹುಕ್ಕೇರಿಯ ಒಂದು ಮನೆತನಕ್ಕೆ ನನ್ನ ನಿಶ್ಚಯವಾಗಿತ್ತು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ: ಆ ಹುಣ್ಣಿಮೆಗೆ ಗಂಡಿನ ಮನೆಯವರು ನಿಶ್ಚಯವಾದ ಹುಡುಗಿಗೆ ಸೀರೆ, ಬಳೆ, ದಂಡೆಯ ಜೊತೆಗೆ ಸಕ್ಕರೆ ಆರತಿ ಕಳಿಸುತ್ತಾರೆ. ದೇಸಿ ಸಕ್ಕರೆಯನ್ನು ಹಾಲು ಬಿಟ್ಟು ಕುದಿಸಿ, ಕೊಳೆ ತೆಗೆದು, ಕಟ್ಟಿಗೆಯ ಅಚ್ಚಿನಲ್ಲಿ ಹೊಯ್ದ ಗೊಂಬೆಗಳು. ಹುಕ್ಕೇರಿಯಿಂದ ಬಂದ ಬುಟ್ಟಿಯಲ್ಲಿ ಆನೆ, ನವಿಲು, ಬಸವಣ್ಣ, ಕುದುರೆ ಸವಾರ, ಕಳಸ, ಗೋಪುರ, ಬಾಳೆಗೊನೆ ಎಲ್ಲ ಇದ್ದವು. ನನ್ನ ಅತ್ತೆಯಾಗುವ ಚನ್ನವ್ವನವರು ತಾವೇ ಒಲೆಯ ಮುಂದೆ ಕೂತು ಹೊಯ್ದದ್ದೆಂದು ತಂದವರು ಹೇಳಿದ್ದರು. ನಾನು ಹೊಸ ಸೀರೆಯಲ್ಲಿ ಎಡವುತ್ತ ಗೌರಿಗೆ ಆರತಿ ಎತ್ತಿದೆ. ಮರುದಿನ ಗೊಂಬೆಗಳನ್ನು ಓಣಿಗೆಲ್ಲ ಹಂಚಬೇಕು.

ಕಾಕಾ ತಟ್ಟೆಯ ಮುಂದೆ ನಿಂತು ಒಂದು ಕಳಸವನ್ನು ಉಗುರಿನಿಂದ ತಟ್ಟಿ ನೋಡಿದ. ಗಟ್ಟಿಯಾದ, ಹಾಲಿನಂಥ ಬಿಳುಪಿನ, ತೂತಿನಿಂದ ಬೀಳದ, ಸಾವಕಾಶವಾಗಿ ಕರಗುವ ಸಕ್ಕರೆ. ಇಷ್ಟು ದಿನ ಅಂಗಡಿಯಲ್ಲೆಲ್ಲ ಹುಡುಕಿದ್ದು ದೇವರ ಮಾಡಿನಲ್ಲಿ ಸಿಕ್ಕಿತ್ತು.

‘ಬೀಗರ ಮನಿ ಆರತಿ ಅದು. ಅಂಥಲ್ಲೆ ಕೊಡೂದು ಬ್ಯಾಡ,’ ಎಂದಳು ಅವ್ವ.

‘ಹಂಚೂದಂತೂ ಐತಲ್ರಿ. ಜಡ್ಡ ಆದವರಿಗೆ ಕೊಟ್ರ ಪುಣ್ಯ ಬರತೈತಿ. ಪಾರೂ, ನೀ ಏನಂತಿ?’

ನನ್ನನ್ನು ಯಾರೂ ಏನೂ ಕೇಳದ ಕಾಲದಲ್ಲಿ ಕಾಕಾ ಹಾಗೆ ಕೇಳಿದ. ನಾನು ಖುಷಿಯಿಂದ ಹೂಂ ಎಂದೆ. ಬುಟ್ಟಿಯ ಅರ್ಧ ಬಂಗಲೆಗೆ ಹೋಯಿತು. ಸಾಹೇಬರ ಔಷಧ ಸರಿಯಾಗಿ ಬೆಳ್ಳಗಾಯಿತೆಂದು ಸುದ್ದಿ ಬಂತು. ಕಾಕಾ ಆ ದಿನ ಗಿರಾಕಿಗಳಿಗೆಲ್ಲ ತೂಕದ ಮೇಲೆ ಒಂದೊಂದು ಹಿಡಿ ಹೆಚ್ಚು ಹಾಕಿದ.

ಅವನು ಸುಮ್ಮನೆ ಇದ್ದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಒಳ್ಳೆಯ ಕೆಲಸ ಮಾಡಿ ಸುಮ್ಮನಿರುವುದು ನಮ್ಮ ಮನೆತನಕ್ಕೆ ಬಂದದ್ದಲ್ಲ. ಮದುವೆಯ ಮಾತಿಗೆಂದು ಹುಕ್ಕೇರಿಗೆ ಹೋದಾಗ ಬೀಗರ ಪಡಸಾಲೆಯಲ್ಲಿ ಊಟಕ್ಕೆ ಕೂತು ಕಾಕಾ ಎಲ್ಲವನ್ನೂ ವರ್ಣಿಸಿದ: ಹಸಿರು ಬಾಟ್ಲಿ, ತೂತಿನ ಚಮಚ, ಚನ್ನವ್ವನವರ ಸಕ್ಕರೆಯಿಂದ ಗುಣ ಕಾಣುತ್ತಿರುವ ಸಾಹೇಬರು. ಪಂಕ್ತಿಯಲ್ಲಿ ಅವರ ನೆಂಟನೊಬ್ಬನಿದ್ದ. ಬೆಳಗಾವಿ ಕ್ಯಾಂಪಿನಲ್ಲಿ ಗೋರಾ ಅಧಿಕಾರಿಗಳ ಊಟದ ಮನೆಗೆ ಸಾಮಾನು ಒದಗಿಸುತ್ತಿದ್ದವನು. ಅವನು ಹೋಳಿಗೆ ಮುರಿಯುತ್ತ, ‘ಕಾಕಾರ, ಅದು ಔಷಧ ಅಲ್ರಿ, ಸೆರಿ. ಅದೂ ಭಾಳ ಖಡಕ್ ಸೆರಿ,’ ಎಂದ.

ಲಿಂಗ ಕಟ್ಟಿದ ಮನೆಯ ಗೌರಿ ಆರತಿ, ಅದರಲ್ಲಿಯೂ ಬಸವಣ್ಣನ ಮೂರ್ತಿ, ಸೆರೆಯ ಗ್ಲಾಸಿಗೆ. ಕಾಕಾ ಕೈತೊಳೆದು ಎದ್ದ. ಯಾರೂ ಬೈಯಲಿಲ್ಲ. ‘ಸಾವಕಾಶ ಹೋಗಿ ಬರ್ರಿ’ ಎಂದು ಚನ್ನವ್ವನವರು ಬಾಗಿಲವರೆಗೆ ಬಂದರು. ಮದುವೆಯ ದಿನದ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಘೋಡಗೇರಿ ದಾಟುವಾಗ ದಾರಿಯಲ್ಲಿ ಪರಿಚಯದವರು ಮಾತಾಡಿಸಿದರೆ, ಮೂರು ಊರಿಗೆ ಕೇಳುವಂತೆ ಮಾತಾಡುವ ನಮ್ಮ ಕಾಕಾ ಚಕ್ಕಡಿಯಲ್ಲಿ ಮುಖ ಮುಚ್ಚಿಕೊಂಡು ಕೂತನಂತೆ.

ಮನೆಗೆ ಬಂದವನು ದೇವರ ಮುಂದೆ ಕೂತ. ‘ಅಪ್ಪ ಇಲ್ಲದ ಕೂಸಿನ ಮದಿವಿ ನನ್ನ ಬಾಯಿಂದ ಮುರೀತು’ ಎಂದು ಒಂದೇ ಮಾತು ಹೇಳಿದ. ಅವ್ವ ಮೂಡಲಗಿ ಬೆಲ್ಲ ಕೊಡಲು ಹೋಗಲಿಲ್ಲ. ಅದರಿಂದಲೇ ಸಂಗತಿ ಎಷ್ಟು ಕೆಟ್ಟಿದೆ ಎಂದು ನನಗೆ ತಿಳಿಯಿತು. ನಾನು ಮದುಮಗನ ಮುಖವನ್ನೇ ಸರಿಯಾಗಿ ನೋಡಿದವಳಲ್ಲ. ನಿಶ್ಚಯ ಮುರಿದರೆ ಅಳಬೇಕಾದದ್ದು ಯಾಕೆ ಎಂದೂ ನನಗೆ ಪೂರ್ತಿ ತಿಳಿದಿರಲಿಲ್ಲ. ಆದರೆ ಕಾಕಾ ತಲೆತಗ್ಗಿಸಿ ಕೂತದ್ದನ್ನು ನೋಡಲಾರದೆ ಅತ್ತುಬಿಟ್ಟೆ.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಚಕ್ಕಡಿ ನಿಂತಿತು. ಚನ್ನವ್ವನವರು ಒಬ್ಬರೇ ಇಳಿದರು. ನೀರು ಕೊಟ್ಟರೆ ಮುಟ್ಟಲಿಲ್ಲ.

‘ಬೀಗರ, ಮಂದಿ ಮಾತು ಕೇಳಿ ನಾ ಏನೂ ಹರಿಯೂದಿಲ್ಲ, ಕಟ್ಟೂದೂ ಇಲ್ಲ. ಆ ಔಷಧ ನಂಗ ತೋರಸ್ರಿ. ಹುಡಿಗೀನೂ ಬರ್ಲಿ. ಆರತಿ ಆಕೀದು.’

ನಾವು ಮೂವರೂ ಬಂಗಲೆಗೆ ಹೋದೆವು. ಅವರು ಮುಂದೆ, ಕಾಕಾ ಹಿಂದೆ, ನಾನು ಅವನ ಅಂಗಿಯ ಚುಂಗು ಹಿಡಿದು. ಸಾಹೇಬರು ಹೊರಗಿನ ಪಡಸಾಲೆಯಲ್ಲಿ ಕೂತಿದ್ದರು. ಹೆಂಗಸನ್ನು ನೋಡಿ ಎದ್ದು ಕುರ್ಚಿ ಕೊಟ್ಟರು. ಚನ್ನವ್ವನವರು ಕುರ್ಚಿ ಬಿಟ್ಟು ಮೆಟ್ಟಿಲ ಮೇಲೆ ಕೂತರು. ಮೇಜಿನ ಮೇಲೆ ಹಸಿರು ಬಾಟ್ಲಿ ಇತ್ತು. ಎರಡು ಗ್ಲಾಸುಗಳಿದ್ದವು.

‘ಇಮಾಮಸಾಬ, ನಿನ್ನ ಮಕ್ಕಳ ಆಣಿ. ಇದು ಔಷಧನೋ ಸೆರಿನೋ?’

ಇಮಾಮಸಾಬ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ‘ಸೆರೀನ ರೀ ಅವ್ವಾರ. ಗುರಪ್ಪಣ್ಣ ಔಷಧ ಅಂದಾಗ ನಾ ಅಲ್ಲ ಅನ್ನಬೇಕಾಗಿತ್ತು. ಅಂದಿದ್ರ ಸಕ್ಕರಿ ಸಿಗತಿದ್ದಿಲ್ಲ.’

ಕಾಕಾ ಗೋಡೆಗೆ ಒರಗಿ ನಿಂತ. ಆಗ ಚನ್ನವ್ವನವರ ಕಣ್ಣು ಕಿಟಕಿಯ ಕಡೆಗೆ ಹೋಯಿತು. ಒಂದು ಅಗಲ ತಟ್ಟೆಯಲ್ಲಿ ನೀರು, ಅದರ ನಡುವೆ ಬೋರಲು ಹಾಕಿದ ಬೋಗುಣಿ, ಬೋಗುಣಿಯ ಮೇಲೆ ನನ್ನ ಆನೆ, ನವಿಲು, ಬಸವಣ್ಣ, ಕುದುರೆ ಸವಾರ. ಇರುವೆ ಮುತ್ತದಂತೆ ನೀರಿನ ನಡುವೆ ಇಟ್ಟಿದ್ದರು.

‘ಉಳದುವ ಎಲ್ಲಿ?’

‘ಕಳಸ, ಗೋಪುರ, ಬಾಳಿಗೊನಿ ಅಷ್ಟ ಕರಗಿಸಿದ್ರು ರೀ.’

‘ಇವ್ಯಾಕ ಉಳದಾವ?’

ಇಮಾಮಸಾಬ ತನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಕೇಳಿದ. ಸಾಹೇಬರು ಎದ್ದು ಹೋಗಿ ಕುದುರೆ ಸವಾರನನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದು ಚನ್ನವ್ವನವರ ಮುಂದೆ ಹಿಡಿದರು. ಕುದುರೆ ಸರಿಯಾಗಿತ್ತು. ರುಮಾಲು ಇತ್ತು. ಸವಾರನಿಗೆ ಮಾತ್ರ ಮುಖ ಇರಲಿಲ್ಲ. ಮೂಗು, ಕಣ್ಣು, ಮೀಸೆ ಎಲ್ಲ ಅಳಿಸಿ ನುಣ್ಣಗಾಗಿತ್ತು. ಸಾಹೇಬರು ತಡೆದು ತಡೆದು ಏನೋ ಹೇಳಿದರು.

‘ಮದಲ ದಿನ ಇದನ್ನ ಚಮಚದ ಮ್ಯಾಲೆ ಇಟ್ಟಿದ್ರು ರೀ,’ ಎಂದ ಇಮಾಮಸಾಬ. ‘ಹನಿ ಬಿದ್ದ ಕೂಡಲೆ ಮಾರಿ ಕರಗಿ ಹೋತು. ಲಗೂನ ತಗದ್ರು. ಅವತ್ತಿನಿಂದ ಕಣ್ಣಿದ್ದುವ್ನ ಕರಗಸೂದಿಲ್ಲ. ಸಾಹೇಬ್ರ ಮಗ ಲಡಾಯಿಗೆ ಹೋಗ್ಯಾನ್ರಿ. ಕುದರಿ ಪಲ್ಟಣದಾಗ. ಕಾಗದ ಬರೂದು ನಿಂತು ಭಾಳ ದಿವಸ ಆತು. ದಿನಾ ಸಂಜೀಕ ಅವನ ಹೆಸರಿಲೆ ಒಂದ ಗ್ಲಾಸ ಬ್ಯಾರೆ ಇಡ್ತಾರ. ಅವನ ಮಾರಿ ಈಗ ಕಣ್ಣಿಗೆ ಕಟ್ಟವಲ್ದು ಅಂತಾರ್ರಿ.’

ಚನ್ನವ್ವನವರು ಆ ಗೊಂಬೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಸಾಹೇಬರಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡದೆ, ಅವರಿಗೇ ಹೇಳಿದರು: ‘ನನ್ನ ಹಿರೇ ಮಗ ಪ್ಲೇಗಿನ್ಯಾಗ ಹ್ವಾದ. ಮೀಸಿ ಆಗ ಚಿಗರಾಕ ಹತ್ತಿದ್ವು. ನಂಗೂ ಈಗೀಗ ಅವನ ಮಾರಿ ನೆಪ್ಪ ಆಗೂದಿಲ್ಲ. ಧ್ವನಿ ಅಷ್ಟ ಕೇಳತೈತಿ.’

ಇಮಾಮಸಾಬ ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದ, ಆಗಲಿಲ್ಲ. ಸಾಹೇಬರು ತಲೆಯಾಡಿಸಿದರು. ಭಾಷೆ ಬೇಕಾಗಿರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ. ಆಗ ನನಗೆ ಹಸಿವೆಯಾಗಿತ್ತು, ಮತ್ತು ಯಾಕೆ ಎಲ್ಲರೂ ಅಳುತ್ತಿದ್ದಾರೆಂದು ಗಾಬರಿಯಾಗಿತ್ತು.

ಮನೆಗೆ ಬಂದು ಚನ್ನವ್ವನವರು ನೀರು ಕೇಳಿ ಕುಡಿದರು. ಕಾಕಾ ಅವರ ಎದುರು ಕೈಕಟ್ಟಿ ನಿಂತೇ ಇದ್ದ.

‘ಕೂಡ್ರಿ ಬೀಗರ. ತಿಳದ ಕೊಟ್ಟಿದ್ರ ಇವತ್ತ ನಿಶ್ಚಯ ಮುರಕೊಂಡ ಹೋಗತಿದ್ದೆ. ದವನದ ವಾಸನಿ ಬಂತಂತ ನಂಬಿದವರ ಮ್ಯಾಲೆ ಏನ ಸಿಟ್ಟ ಮಾಡ್ಲಿ? ಮಾಘದಾಗ ಮದಿವಿ ಇಟ್ಟುಕೊಳ್ಳೂಣು. ಒಂದ ಮಾತು. ನಮ್ಮ ಮನ್ಯಾಗ ಯಾರರ ಕೆಮ್ಮಿದ್ರ ನೀವು ನಾಡಿ ಹಿಡೀಬ್ಯಾಡ್ರಿ.’

ಕಾಕಾ ನಗಲು ಹೋಗಿ ಅತ್ತುಬಿಟ್ಟ. ಅವ್ವ ಆಗ ಒಳಗಿನಿಂದ ಬೆಲ್ಲ ತಂದಳು.

ನಾನು ಆ ಮನೆಯ ಸೊಸೆಯಾದೆ. ಮದುವೆಯಾದ ಮೇಲೆ ಮೊದಲ ಗೌರಿಹುಣ್ಣಿಮೆಗೆ ಅತ್ತೆ ಎಂದಿನಂತೆ ಒಲೆಯ ಮುಂದೆ ಕೂತರು. ಹಾಲು ಬಿಟ್ಟು ಸಕ್ಕರೆಯ ಕೊಳೆ ತೆಗೆಯುವುದನ್ನು ನನಗೆ ಕಲಿಸಿದ್ದು ಆಗಲೇ. ಮನೆಯ ಗೊಂಬೆಗಳೆಲ್ಲ ಆದ ಮೇಲೆ ಕಳಸ, ಗೋಪುರ, ಬಾಳೆಗೊನೆಯ ಅಚ್ಚುಗಳನ್ನಷ್ಟೇ ಬೇರೆ ತೆಗೆದು ಮತ್ತೊಂದು ಪಾಕ ಹೊಯ್ದರು. ಯಾರಿಗೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೆರೆಯ ಹೆಸರು ಆ ಮನೆಯಲ್ಲಿ ಎತ್ತುವಂತಿರಲಿಲ್ಲ. ಕೊನೆಗೆ ಉಳಿದ ಪಾಕದಲ್ಲಿ ಒಬ್ಬ ಕುದುರೆ ಸವಾರ. ಅಚ್ಚಿನಿಂದ ಬಿಡಿಸಿದ ಮೇಲೆ ಅತ್ತೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸೂಜಿಯಿಂದ ಮುಖ ತಿದ್ದತೊಡಗಿದರು. ಹುಬ್ಬು ಬರೆದು ನೋಡಿದರು. ಸರಿ ಅನಿಸಲಿಲ್ಲವೋ ಏನೋ, ಒದ್ದೆ ಬೆರಳಿನಿಂದ ಅಳಿಸಿ ಮತ್ತೆ ಬರೆದರು. ಅಚ್ಚಿನಲ್ಲಿ ಬಂದ ದಪ್ಪ ಮೀಸೆಯನ್ನು ಕೆರೆದು, ಆಗಷ್ಟೇ ಚಿಗುರಿದಂಥ ಸಣ್ಣ ಮೀಸೆ ಮಾಡಿದರು. ಕೈ ನಿಲ್ಲಿಸಿದಾಗ ನನ್ನ ಗಂಡ ಬಗ್ಗಿ ನೋಡಿ ‘ಅವ್ವಾ, ಅಣ್ಣ’ ಎಂದವರೇ ಹೊರಗೆ ಎದ್ದು ಹೋದರು.

ಬುಟ್ಟಿಯನ್ನು ಒಯ್ಯಲು ಕಾಕಾ ಬಂದ. ‘ಈ ಸವಾರ ಕರಗಸೂದಲ್ಲ, ನೋಡೂದು ಅಂತ ಹೇಳ್ರಿ,’ ಎಂದು ಅತ್ತೆ ಅದನ್ನು ಹತ್ತಿಯಲ್ಲಿ ಸುತ್ತಿ ಬೇರೆಯಾಗಿ ಕೊಟ್ಟರು. ಕಾಕಾ ಮರುವಾರ ತಿರುಗಿ ಬಂದು ನಡೆದದ್ದನ್ನು ಹೇಳಿದ. ಸಾಹೇಬರ ಮಗನ ಸುದ್ದಿ ಬಂದು ತಿಂಗಳಾಗಿತ್ತಂತೆ. ಅವನು ಇನ್ನು ಬರುವವನಲ್ಲ. ಸಾಹೇಬರು ಹತ್ತಿ ಬಿಚ್ಚಿ, ಇದು ಯಾರು ಎಂದು ಕೇಳಿದರಂತೆ. ಚನ್ನವ್ವನವರ ಹಿರಿಯ ಮಗ ಎಂದು ಇಮಾಮಸಾಬ ಹೇಳಿದನಂತೆ. ಅವರು ಸವಾರನನ್ನು ಎರಡನೆಯ ಗ್ಲಾಸಿನ ಪಕ್ಕ ನಿಲ್ಲಿಸಿ, ಕತ್ತಲಾಗುವವರೆಗೆ ಅದನ್ನೇ ನೋಡುತ್ತ ಕೂತರಂತೆ. ಬಾಟ್ಲಿಯ ಬಿರಡೆ ಆ ಸಂಜೆ ತೆಗೆಯಲಿಲ್ಲವಂತೆ.

ಅತ್ತೆ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿದರು. ಮೊರವನ್ನು ಕೆಳಗಿಟ್ಟರು.

‘ನೀರಿನ ನಡುವ ಇಟ್ಟಾರೇನ್ರಿ ಬೀಗರ? ಇರವಿ ಮುತ್ತತಾವ ನನ್ನ ಮಗಗ.’